ಎಳೆದರೆ ಕುನ್ನಿ ಹೊಲಕ್ಕೆ ಬರೋದಿಲ್ಲ

ಹೊಲದ ಕಾವಲಿಗೆ ಒಂದು ನಾಯಿ ಇರಲಿ ಅಂತ ಬಹಳ ಮಂದಿ ಕುನ್ನಿಮರಿ ತರುತ್ತೇವೆ. ತಂದ ಮೇಲೆ ಅದನ್ನು ದನದ ಮನೆಯಲ್ಲೋ ಪಡಸಾಲೆಯ ಕಂಬಕ್ಕೋ ಕಟ್ಟುತ್ತೇವೆ. "ಸಣ್ಣದೈತಿ, ದೊಡ್ಡದಾಗಲಿ, ಆಮ್ಯಾಲೆ ಹೊಲಕ್ಕ ಒಯ್ದರಾತು" ಅನ್ನುತ್ತೇವೆ. ಐದಾರು ತಿಂಗಳು ಕಳೆದ ಮೇಲೆ ಹಗ್ಗ ಹಿಡಿದು ಹೊರಟರೆ ಅದು ಹೊಸ್ತಿಲಲ್ಲೇ ಕೂತುಬಿಡುತ್ತದೆ. ಎಳೆದರೆ ಮಲಗುತ್ತದೆ. ಇನ್ನೂ ಎಳೆದರೆ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಒಳಗೆ ಓಡುತ್ತದೆ. ಆಗ ನಾವು "ಇದು ಅಂಜುಬುರುಕ, ಕಾವಲಿಗೆ ಬರೋ ನಾಯಿ ಅಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತೇವೆ.

ನಾನೂ ಹಾಗೇ ತೀರ್ಪು ಕೊಟ್ಟವಳು. ತಪ್ಪು ನಾಯಿಯದಲ್ಲ, ನಮ್ಮದು ಅಂತ ತಿಳಿಯಲಿಕ್ಕೆ ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ನಾಯಿ ಕೆಟ್ಟಿತು, ಒಂದು ಹುಡುಗನ ಕೈಗೆ ಗಾಯವಾಯಿತು, ನೆರೆಮನೆಯ ನಂಟು ಹರಿಯಿತು. ನಿಮ್ಮ ಮನೆಯಲ್ಲಿ ಹೀಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕರಿಯ ಕೆಟ್ಟದ್ದು ಹೇಗೆ

2013ರ ಸಂಕ್ರಾಂತಿ ಹೊತ್ತಿಗೆ ಎರಡು ತಿಂಗಳ ಗಂಡುಮರಿ ತಂದೆವು. ಮೈಯೆಲ್ಲ ಕಪ್ಪು, ಕರಿಯ ಅಂತ ಹೆಸರಿಟ್ಟೆವು. ಹೊತ್ತಿಗೆ ಸರಿಯಾಗಿ ರೊಟ್ಟಿ, ಮಜ್ಜಿಗೆ ಹಾಕಿದೆವು. ಆದರೆ ಕಾರಹುಣ್ಣಿಮೆ ತನಕ ದನದ ಮನೆ ಬಿಟ್ಟು ಹೊರಗೆ ಬಿಡಲಿಲ್ಲ. ಬೀದಿನಾಯಿ ಕಚ್ಚೀತು, ಗಾಡಿ ಹಾಯ್ದೀತು ಅನ್ನೋ ಹೆದರಿಕೆ. ಅದು ಕಂಡದ್ದು ಎರಡು ಎತ್ತು, ಒಂದು ಎಮ್ಮೆ, ನಾವು ನಾಲ್ಕು ಮಂದಿ. ಅಷ್ಟೇ ಅದರ ಜಗತ್ತು.

ಮುಂಗಾರಿ ಬಿತ್ತಿಗೆ ಶುರುವಾದಾಗ ನಮ್ಮ ಮನೆಯವರು ಅದನ್ನು ಹೊಲಕ್ಕೆ ಹೊರಡಿಸಿದರು. ಬಾಗಿಲು ದಾಟುತ್ತಲೇ ನೆಲಕ್ಕೆ ಅಂಟಿಕೊಂಡಿತು. ಎಳೆದುಕೊಂಡೇ ಅಗಸಿ ತನಕ ಒಯ್ದರು. ಎದುರಿಗೆ ಟ್ರ್ಯಾಕ್ಟರ್ ಬಂತು. ನಾಯಿ ಹಗ್ಗ ಸುತ್ತಿಕೊಂಡು ಒದ್ದಾಡುತ್ತಿತ್ತು. ನೆರೆಮನೆಯ ಒಂಬತ್ತು ವರ್ಷದ ಹುಡುಗ, "ಕಾಕಾ, ನಾ ಹಿಡೀತೀನಿ" ಅಂತ ಓಡಿಬಂದು ತಬ್ಬಿಕೊಳ್ಳಲಿಕ್ಕೆ ಹೋದ. ಅಂಗೈ ಕಚ್ಚಿಬಿಟ್ಟಿತು.

ಆಗ ನಾವು ಮಾಡಿದ್ದೆಲ್ಲ ತಪ್ಪೇ. ಯಾರೋ ಸುಣ್ಣ ತಂದರು, ಯಾರೋ ಖಾರದಪುಡಿ ಒತ್ತಿದರು. ಸಾಬೂನು ಹಚ್ಚಿ ತೊಳೆಯಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ ಲಸಿಕೆ ಮುಗಿದಿತ್ತು, ಇನ್ನೊಂದು ಊರಿಗೆ ಓಡಿದೆವು. ಹುಡುಗನಿಗೆ ಎಲ್ಲ ಸೂಜಿ ಆದವು, ಗಾಯ ಮಾಯಿತು. ಆದರೆ ಎರಡು ವರ್ಷ ಆ ಮನೆಯವರು ನಮ್ಮ ಸಂಗಡ ಮಾತಾಡಲಿಲ್ಲ. ನಮ್ಮ ಅವರ ಹೊಲಕ್ಕೆ ಒಂದೇ ಬದು. ಮುಯ್ಯಾಳಿಗೆ ಕರೆಯುವವರೇ ಅವರು. ಆ ಎರಡು ವರ್ಷ ಕಳೆ ತೆಗೆಯಲಿಕ್ಕೂ ಕೂಲಿ ಆಳು ಹುಡುಕಬೇಕಾಯಿತು.

ಕರಿಯನನ್ನು ಮತ್ತೆ ಬಿಚ್ಚಲೇ ಇಲ್ಲ. 2019ರಲ್ಲಿ ಅದು ಸತ್ತದ್ದೂ ಕಟ್ಟಿದ ಜಾಗದಲ್ಲೇ. ಕಚ್ಚೋ ನಾಯಿ ಅಂತ ಊರೆಲ್ಲ ಹೆಸರಾಗಿತ್ತು. ಅದು ಸಿಟ್ಟಿನಿಂದ ಕಚ್ಚಿದ್ದಲ್ಲ. ಓಡಿಹೋಗಲಿಕ್ಕೆ ದಾರಿ ಇಲ್ಲದ್ದಕ್ಕೆ ಕಚ್ಚಿತ್ತು.

ಹಲ್ಲು ಬೀಳುವುದರೊಳಗೆ

2023ರ ಶಿವರಾತ್ರಿ ಹೊತ್ತಿಗೆ ಕಡಲೆ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿದ್ದೆವು. ಕುರಿಯ ಅಜ್ಜನ ಬಳಿ ಒಂದು ಸಣ್ಣ ಕುನ್ನಿ ಇತ್ತು. ಕುರಿಮರಿ ಹಾಕುವ ಬುಟ್ಟಿಯಲ್ಲಿ ಅದನ್ನೂ ಕೂರಿಸಿಕೊಂಡು ಊರೂರು ತಿರುಗುತ್ತಿದ್ದ. ಬಸ್ಸು ಹೋದರೂ ಅದು ಕಿವಿ ಎತ್ತಿ ನೋಡಿ ಸುಮ್ಮನಾಗುತ್ತಿತ್ತು. ಕರಿಯನ ಕಥೆ ಹೇಳಿದೆ. ಅಜ್ಜ ಅಂದ:

"ಯವ್ವಾ, ಕುನ್ನಿಗೆ ತೋರಿಸೋದೆಲ್ಲಾ ಹಾಲುಹಲ್ಲು ಬೀಳೂದ್ರೊಳಗ ತೋರಿಸಿಬಿಡಬೇಕು. ಹೊಸಾ ಹಲ್ಲು ಬಂದಮ್ಯಾಲ ತೋರಿಸಿದ್ರ ಎಲ್ಲಾನೂ ವೈರಿ ಅಂತ ತಿಳೀತೈತಿ."

ನಮ್ಮ ಪಶುವೈದ್ಯರಿಗೆ ಈ ಮಾತು ಹೇಳಿದಾಗ ಅವರು ನಕ್ಕು, "ಅಜ್ಜ ಹೇಳಿದ್ದು ಖರೇ ಅದ ಅಕ್ಕಾರ" ಅಂದರು. ಅವರು ತಿಳಿಸಿಕೊಟ್ಟದ್ದು ಇಷ್ಟು.

ಮರಿ ಹುಟ್ಟಿದ ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ. ಮೂರನೇ ವಾರದ ಹೊತ್ತಿಗೆ ಕಿವಿ ಕೇಳಿಸುತ್ತದೆ. ಅಲ್ಲಿಂದ 12-14 ವಾರದ ತನಕ ಅದರ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಹೆದರಿಕೆ ಇಲ್ಲದೆ ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲ ನಮ್ಮದು ಅಂತ ಅದಕ್ಕೆ ಅನಿಸುತ್ತದೆ. ಆಮೇಲೆ ಬಾಗಿಲು ಮುಚ್ಚುತ್ತ ಬರುತ್ತದೆ. ಹೊಸತು ಕಂಡರೆ ಮೊದಲು ಹೆದರಿಕೆ, ಆಮೇಲೆ ಉಳಿದದ್ದು. ಹಾಲುಹಲ್ಲು ಬೀಳಲಿಕ್ಕೆ ಶುರುವಾಗುವುದು ಸುಮಾರು ನಾಲ್ಕು ತಿಂಗಳಿಗೆ. ಅಜ್ಜನ ಲೆಕ್ಕ, ವೈದ್ಯರ ಲೆಕ್ಕ ಎರಡೂ ಹತ್ತಿರ ಹತ್ತಿರ ಒಂದೇ.

ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರಂತೆ. 1961ರಲ್ಲಿ ಪ್ರಕಟವಾದ ಪ್ರಯೋಗ. ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸಹವಾಸವೇ ಇಲ್ಲದೆ ಮರಿಗಳನ್ನು ಬೆಳೆಸಿದರು. ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮನುಷ್ಯರ ಹತ್ತಿರ ಇಟ್ಟರು. ಐದು, ಏಳು, ಒಂಬತ್ತನೇ ವಾರದಲ್ಲಿ ಬಂದ ಮರಿಗಳು ಚೆನ್ನಾಗಿ ಹೊಂದಿಕೊಂಡವು. 14 ವಾರದ ತನಕ ಮನುಷ್ಯರನ್ನೇ ಕಾಣದ ಮರಿಗಳು ಕಾಡುಪ್ರಾಣಿ ಹಾಗೆ ಆಗಿದ್ದವು.

ಇನ್ನೊಂದು ಮಾತು. ಎಂಟರಿಂದ ಹತ್ತು ವಾರದ ಹೊತ್ತಿಗೆ ಮರಿಗೆ ಹೆದರಿಕೆ ಬೇಗ ನಾಟುತ್ತದೆ. ನಾವು ಮರಿ ತರುವುದೂ ಅದೇ ಹೊತ್ತಿಗೆ. ತಾಯಿ ಬಿಟ್ಟು, ಒಡಹುಟ್ಟಿದವುಗಳನ್ನು ಬಿಟ್ಟು ಬಂದಿರುತ್ತದೆ. ಆ ದಿನಗಳಲ್ಲಿ ಎಳೆದಾಡಿದರೆ, ಬಡಿದರೆ, ಆ ನೆನಪು ಬಹಳ ಕಾಲ ಉಳಿಯುತ್ತದೆ. ಅಂದರೆ ಹೊರಗೆ ಒಯ್ಯಲೂ ಬೇಕು, ಹೆದರಿಸಲೂಬಾರದು. ಎರಡನ್ನೂ ಹೊಂದಿಸುವುದೇ ಇದರಲ್ಲಿರುವ ಕೆಲಸ.

ಲಸಿಕೆ ಮುಗಿಯೋ ತನಕ ಒಳಗೇ ಇಡಬೇಕೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಮರಿಗಳನ್ನು ಹೆಚ್ಚು ಕೊಲ್ಲುವುದು ಪಾರ್ವೊ ಅನ್ನೋ ರೋಗ. ರಕ್ತಭೇದಿ, ವಾಂತಿ ಆಗಿ ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತದೆ. ಅದರ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಡಿಸ್ಟೆಂಪರ್ ಅನ್ನೋದು ಇನ್ನೊಂದು. ಇವೆರಡಕ್ಕೂ ಸೇರಿಸಿ ಒಂದೇ ಲಸಿಕೆ ಸಿಗುತ್ತದೆ. 6-8 ವಾರಕ್ಕೆ ಮೊದಲ ಸೂಜಿ, ಆಮೇಲೆ 3-4 ವಾರಕ್ಕೊಮ್ಮೆ, ಸುಮಾರು 16 ವಾರ ಆಗುವ ತನಕ. ಮೂರು ತಿಂಗಳಿಗೆ ರೇಬಿಸ್ ಅಂದರೆ ಹುಚ್ಚುನಾಯಿ ರೋಗದ ಲಸಿಕೆ. ಅದರ ಮುಂದಿನ ಸೂಜಿ ಯಾವಾಗ ಅಂತ ವೈದ್ಯರು ಬರೆದುಕೊಡುತ್ತಾರೆ. ಜಂತುಹುಳದ ಔಷಧವನ್ನು ಮೂರು ತಿಂಗಳ ತನಕ 15 ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ ಕೊಡಬೇಕು.

ಲೆಕ್ಕ ಹಾಕಿ ನೋಡಿ. ಲಸಿಕೆ ಮುಗಿಯುವುದು 16 ವಾರಕ್ಕೆ, ಮನಸ್ಸಿನ ಬಾಗಿಲು ಮುಚ್ಚಲಿಕ್ಕೆ ಹತ್ತುವುದು 12-14 ವಾರಕ್ಕೆ. ಎಲ್ಲ ಸೂಜಿ ಮುಗಿಯಲಿ ಅಂತ ಕೂತರೆ ಹೊತ್ತು ಮೀರಿತು. ಕರಿಯನಿಗೆ ಆದದ್ದು ಅದೇ.

ಇದಕ್ಕೆ ಉಪಾಯ ಕುರಿಯ ಅಜ್ಜನ ಬುಟ್ಟಿ. ಮರಿಯನ್ನು ನೆಲಕ್ಕೆ ಬಿಡಬೇಡಿ, ಆದರೆ ಎಲ್ಲ ತೋರಿಸಿರಿ. ಹಳೆ ಬುಟ್ಟಿಯಲ್ಲಿ ಗೋಣಿತಾಟು ಹಾಸಿ ಕೂರಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೋಗಿ. ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗಿ. ಸ್ವಂತ ಅಂಗಳ, ಸ್ವಂತ ಹೊಲ, ಬೇರೆ ನಾಯಿ ಹೆಚ್ಚು ತಿರುಗದ ಜಾಗ ಆದರೆ ಮೊದಲ ಸೂಜಿ ಆಗಿ ವಾರ ಕಳೆದ ಮೇಲೆ ನೆಲಕ್ಕೂ ಬಿಡಬಹುದು. ಸಂತೆ, ಬಸ್ ನಿಲ್ದಾಣ, ತಿಪ್ಪೆ, ಬೀದಿನಾಯಿ ಮಲಗುವ ಕಟ್ಟೆ, ಹಿಂದೆ ಮರಿ ರಕ್ತಭೇದಿಯಾಗಿ ಸತ್ತ ಮನೆ, ಇಲ್ಲೆಲ್ಲ ಸೂಜಿ ಮುಗಿಯುವ ತನಕ ನೆಲಕ್ಕೆ ಬಿಡಲೇಬಾರದು.

ಕೆಂಚಿ ಬಂದಳು

ನಮ್ಮ ಓಣಿಯ ಒಂದು ನಾಯಿ 2023ರ ದೀಪಾವಳಿಗೆ ಮರಿ ಹಾಕಿತು. ನಮ್ಮ ಕಡೆ ಊರನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಈ ಚಳಿಯ ದಿನಗಳಲ್ಲೇ. ಗಂಡುಮರಿಗಳನ್ನೆಲ್ಲ ಮಂದಿ ಒಯ್ದರು. ಒಂದು ಕೆಂಚು ಹೆಣ್ಣುಮರಿ ಉಳಿಯಿತು. ಎಂಟು ವಾರ ತಾಯಿ ಹಾಲು ಕುಡಿಯಲಿ ಅಂತ ಬಿಟ್ಟು, ಎಳ್ಳ ಅಮಾವಾಸ್ಯೆಗೆ ಮನೆಗೆ ತಂದೆವು. ಕೆಂಚಿ ಅಂತ ಕರೆದೆವು.

ಮೊದಲ ಎರಡು ದಿನ ಏನೂ ಮಾಡಲಿಲ್ಲ. ಮಲಗಲಿಕ್ಕೆ ಒಂದು ಮೂಲೆ, ಕುಡಿಯಲಿಕ್ಕೆ ನೀರು, ಅಷ್ಟೇ. ಈ ವಯಸ್ಸಿನ ಮರಿ ದಿನಕ್ಕೆ 18-20 ತಾಸು ನಿದ್ದೆ ಮಾಡುತ್ತದೆ. ಮಲಗಿದ್ದನ್ನು ಎಬ್ಬಿಸಿ ಆಡಿಸಬಾರದು.

ಮೂರನೇ ದಿನ ಬಾಗಿಲು ತೆರೆದು ನಾನು ಹೊಸ್ತಿಲ ಹೊರಗೆ ಕೂತೆ, ಮರಿ ಒಳಗೆ. ಹೊಸ್ತಿಲ ಮೇಲೆ ಒಂದು ಚೂರು ಬೇಯಿಸಿದ ತತ್ತಿ ಇಟ್ಟೆ. ಕರೆಯಲಿಲ್ಲ, ಹಿಡಿಯಲಿಲ್ಲ. ಮೂಸಿ ಮೂಸಿ ಬಂತು, ತಿಂದು ಒಳಗೆ ಓಡಿತು. ಎರಡನೆಯ ಚೂರು ಒಂದು ಗೇಣು ಆಚೆ, ಮೂರನೆಯದು ಮೆಟ್ಟಿಲ ಮೇಲೆ. ಅವತ್ತು ಅಷ್ಟೇ. ಐದು ನಿಮಿಷದ ಕೆಲಸ, ದಿನಕ್ಕೆ ಮೂರು ಸಲ. ನಾಲ್ಕು ದಿನದಲ್ಲಿ ತಾನಾಗೇ ಅಂಗಳಕ್ಕೆ ಇಳಿಯಿತು.

ಬಾಗಿಲು ಯಾವಾಗಲೂ ತೆರೆದೇ ಇರಬೇಕು. ಹೆದರಿಕೆ ಆದರೆ ಒಳಗೆ ಹೋಗಬಹುದು ಅನ್ನೋ ಧೈರ್ಯ ಇದ್ದರೆ ಮಾತ್ರ ಮರಿ ಹೊರಗೆ ಬರುತ್ತದೆ. ಕರಿಯನಿಗೆ ನಾವು ಹಿಂದೆ ಹೋಗಲಿಕ್ಕೆ ದಾರಿಯೇ ಇಟ್ಟಿರಲಿಲ್ಲ.

ಉಚ್ಚೆ, ಹೇಲಿನ ರೂಢಿಯೂ ಇದರ ಸಂಗಡವೇ ಆಗುತ್ತದೆ. ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ ಅಂಗಳದ ಒಂದೇ ಜಾಗಕ್ಕೆ ಒಯ್ಯಬೇಕು. ಎರಡು ತಿಂಗಳ ಮರಿ ಬಹಳ ಹೊತ್ತು ತಡೆದುಕೊಳ್ಳಲಾರದು, ಹಗಲಿನಲ್ಲಿ ಎರಡು ತಾಸಿಗೊಮ್ಮೆ ಆದರೂ ಬೇಕು. ಹೊರಗೆ ಹೆದರಿಕೆ ಇದ್ದರೆ ಅಲ್ಲಿ ಬಿಗಿಹಿಡಿದು ಒಳಗೆ ಬಂದು ಮಾಡುತ್ತದೆ. ಅದಕ್ಕೆ ಮೂಗು ತಿಕ್ಕಿ ಹೊಡೆಯುವವರಿದ್ದಾರೆ. ಹೊಡೆದರೆ ಹೊರಗಿನ ಹೆದರಿಕೆಗೆ ನಮ್ಮ ಹೆದರಿಕೆಯೂ ಕೂಡುತ್ತದೆ.

ತುತ್ತಿನ ಪರೀಕ್ಷೆ

ಮರಿ ಹೆದರಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬಾಲ ಕಾಲೊಳಗೆ ಹೋಗುತ್ತದೆ, ಕಿವಿ ಹಿಂದಕ್ಕೆ ಅಂಟುತ್ತವೆ, ಮೈ ನೆಲಕ್ಕೆ ತಗ್ಗುತ್ತದೆ. ಇದು ಎಲ್ಲರಿಗೂ ಗೊತ್ತು. ಇದಕ್ಕಿಂತ ಮೊದಲೇ ಸಣ್ಣ ಗುರುತು ಕಾಣುತ್ತವೆ. ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ, ತಿನ್ನಲಿಕ್ಕೆ ಏನೂ ಇಲ್ಲದಿದ್ದರೂ ತುಟಿ ನೆಕ್ಕುತ್ತದೆ, ಮುಖ ಆಚೆ ತಿರುಗಿಸುತ್ತದೆ.

ಎಲ್ಲಕ್ಕಿಂತ ಸುಲಭದ್ದು ತುತ್ತಿನ ಪರೀಕ್ಷೆ. ಅದಕ್ಕೆ ಬಹಳ ಇಷ್ಟವಾದ ಚೂರನ್ನು ಮೂಗಿನ ಮುಂದೆ ಹಿಡಿಯಿರಿ. ತಿಂದರೆ ಮನಸ್ಸು ನೆಟ್ಟಗಿದೆ, ಮುಂದೆ ಹೋಗಬಹುದು. ಹಸಿವಿದ್ದೂ ತಿನ್ನದಿದ್ದರೆ ಹೆದರಿದೆ ಅಂತ ಅರ್ಥ. ಆಗ ಮುಂದೆ ಹೋಗಬಾರದು, ಹತ್ತು ಹೆಜ್ಜೆ ಹಿಂದೆ ಬರಬೇಕು. ತಿನ್ನುವಷ್ಟು ದೂರಕ್ಕೆ ಬಂದು ಅಲ್ಲಿ ನಿಲ್ಲಬೇಕು. ನಾನು ಕೆಂಚಿಗೆ ಮಾಡಿದ ಎಲ್ಲಾ ಕೆಲಸವೂ ಈ ಒಂದು ಲೆಕ್ಕದ ಮೇಲೆಯೇ.

ಇದಕ್ಕೆ ತತ್ತಿ ಚೂರು, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ಚೂರು ಸಾಕು. ಕಡಲೆಕಾಳಿನಷ್ಟು ಸಣ್ಣ ಚೂರು ಇರಲಿ. ಉಳ್ಳಾಗಡ್ಡಿ ಹಾಕಿದ ಪಲ್ಯೆ ಕೊಡಬೇಡಿ, ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ವಿಷ.

ಹೆದರಿದ ಮರಿಯನ್ನು ಮುದ್ದಾಡಿದರೆ ಇನ್ನೂ ಅಂಜುಬುರುಕ ಆಗುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ಅದು ಸರಿಯಲ್ಲ. ನಿಮ್ಮ ಹತ್ತಿರ ಬಂದರೆ ಬರಲಿ, ಮೈ ಸವರಿ. ಬಲವಂತದಿಂದ ತಬ್ಬಿ ಹಿಡಿಯಬೇಡಿ ಅಷ್ಟೇ.

ಹೊಲದ ದಾರಿ

ಸಂಕ್ರಾಂತಿ ಆದ ವಾರದಲ್ಲಿ ಕೊರಳಪಟ್ಟಿ ಹಾಕಿದೆ. ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು. ಅದಕ್ಕೆ ಒಂದು ಮೊಳ ಹಗುರ ದಾರ ಕಟ್ಟಿ ಅಂಗಳದಲ್ಲಿ ಬಿಟ್ಟೆ. ದಾರ ಎಳೆದುಕೊಂಡು ತಾನೇ ಆಡಿಕೊಂಡಿತು. ಮೂರು ದಿನದ ಮೇಲೆ ದಾರದ ತುದಿ ನಾನು ಹಿಡಿದೆ. ಹಿಡಿದೆ ಅಷ್ಟೇ, ಅದು ಹೋದ ಕಡೆ ನಾನು ಹೋದೆ. ಹಗ್ಗ ಅಂದರೆ ಎಳೆತ ಅಲ್ಲ ಅಂತ ಮೊದಲು ಅದಕ್ಕೆ ಗೊತ್ತಾಗಬೇಕು.

ಹೊಲಕ್ಕೆ ಮೊದಲ ಸಲ ಹೋದದ್ದು ಬುಟ್ಟಿಯಲ್ಲಿ. ಬೆಳಿಗ್ಗೆ ಬಿಸಿಲು ಏರುವ ಮುಂಚೆ. ಗುಡಿಸಲ ಮುಂದೆ ಗೋಣಿತಾಟು ಹಾಸಿ ಬುಟ್ಟಿ ಇಟ್ಟು ನಾನು ಪಕ್ಕದಲ್ಲೇ ಕೂತೆ. ಅದೇ ತಾಟು ಮನೆಯಲ್ಲಿ ಅದು ಮಲಗುವ ತಾಟು. ತನ್ನ ವಾಸನೆ ಇದ್ದರೆ ಹೊಸ ಜಾಗವೂ ಅರ್ಧ ಮನೆಯಂತೆ. ಕಾಲು ತಾಸು ಬುಟ್ಟಿಯೊಳಗಿಂದಲೇ ನೋಡಿತು. ಆಮೇಲೆ ಇಳಿದು ಹೆಂಟೆ ಮೂಸಿತು, ಕಡಲೆ ಗಿಡ ಮೂಸಿತು. ನಮಗೆ ಕಣ್ಣು ಹೇಗೋ ಅದಕ್ಕೆ ಮೂಗು ಹಾಗೆ. ಮೂಸುವಾಗ ಹಗ್ಗ ಜಗ್ಗಬೇಡಿ, ಅದು ಓದುತ್ತಿರುತ್ತದೆ ಅಂತ ತಿಳಿಯಿರಿ.

ದಿನಾ ಹೋದೆವು. ಬುಟ್ಟಿಯಲ್ಲಿ ಹೋಗುವ ದೂರ ಕಡಿಮೆ ಮಾಡಿದೆ, ನಡೆಯುವ ದೂರ ಹೆಚ್ಚು ಮಾಡಿದೆ. ಊರೊಳಗೆ ಬುಟ್ಟಿ, ಅಗಸಿ ದಾಟಿ ಹೊಲದ ದಾರಿಯಲ್ಲಿ ಕಾಲು. ನಡುವೆ ಕೂತರೆ ನಾನೂ ಕೂತೆ. ನಾನು ಎರಡು ಹೆಜ್ಜೆ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಆಚೆ ಮುಖ ಮಾಡಿದರೆ ಹಿಂದೆಯೇ ಬರುತ್ತಿತ್ತು. ಎದುರು ನಿಂತು ಕರೆದರೆ ಬರುತ್ತಿರಲಿಲ್ಲ.

ಬಿಸಿಲಿನ ಮಾತು ಮರೆಯಬೇಡಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತೇಕಿ ಕಾವು ಕಳೆಯುತ್ತದೆ. ನೆಲಕ್ಕೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸಿ. ಅಷ್ಟು ಹೊತ್ತು ಇಡಲಿಕ್ಕಾಗದಿದ್ದರೆ ಮರಿಯ ಪಾದಕ್ಕೂ ಆಗುವುದಿಲ್ಲ. ಪಾದ ಸುಟ್ಟುಕೊಂಡ ಮರಿ "ಹೊಲದ ದಾರಿ ಅಂದರೆ ಉರಿ" ಅಂತ ಕಲಿಯುತ್ತದೆ. ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿನಲ್ಲಿ ಉಣ್ಣೆ, ಮುಳ್ಳು ನೋಡಬೇಕು. ಹಾಗೆ ಮುಟ್ಟಿಸಿಕೊಳ್ಳುವ ರೂಢಿಯೂ ಆಗುತ್ತದೆ.

ಸಪ್ಪಳ, ಮತ್ತು ನಾನು ಮಾಡಿದ ಅವಸರ

ಹೊಲದ ರೂಢಿ ಆಯಿತು ಅಂತ ನನಗೆ ಹುರುಪು ಬಂತು. ಫೆಬ್ರುವರಿಯಲ್ಲಿ ಕಡಲೆ ರಾಶಿ ಮಷಿನ್ ಬಂದ ದಿನ ಕೆಂಚಿಯನ್ನು ಕರೆದುಕೊಂಡು ಹತ್ತಿರವೇ ಹೋದೆ. ಮಷಿನ್ ಶುರುವಾಯಿತು. ಕೆಂಚಿ ಹಗ್ಗ ಬಿಡಿಸಿಕೊಂಡು ಚಕ್ಕಡಿ ಕೆಳಗೆ ಹೋಗಿ ಗಾಲಿಗೆ ಅಂಟಿಕೊಂಡಿತು. ಸಂಜೆ ತನಕ ನೀರೂ ಕುಡಿಯಲಿಲ್ಲ. ಎರಡು ದಿನ ಬಾಗಿಲು ದಾಟಲಿಲ್ಲ. ಒಂದು ತಿಂಗಳ ಕೆಲಸ ಒಂದು ಗಳಿಗೆಯಲ್ಲಿ ಕೆಡಿಸಿದೆ. ನಾಯಿಯ ಕಿವಿ ನಮ್ಮದಕ್ಕಿಂತ ಬಹಳ ಚುರುಕು, ನಮಗೆ ಕೇಳಿಸದ ಕೀರಲು ಸಪ್ಪಳವೂ ಅದಕ್ಕೆ ಕೇಳಿಸುತ್ತದೆ. ನಮಗೇ ಕಿವಿ ಮುಚ್ಚಿಕೊಳ್ಳಬೇಕು ಅನಿಸುವ ಮಷಿನ್ ಅದಕ್ಕೆ ಹೇಗಿದ್ದೀತು!

ಮತ್ತೆ ಹೊಸ್ತಿಲಿನಿಂದ ಶುರು ಮಾಡಿದೆ. ಈ ಸಲ ಬೇಗ ಚೇತರಿಸಿಕೊಂಡಿತು, ಮೊದಲಿನ ರೂಢಿ ಕೈ ಹಿಡಿಯಿತು. ಆದರೆ ಸಪ್ಪಳಕ್ಕೆ ಬೇರೆ ಕ್ರಮ ಹಿಡಿದೆ. ಟ್ರ್ಯಾಕ್ಟರ್ ಶುರು ಮಾಡದೆ ನಿಂತಿರುವಾಗ ಅದರ ಸುತ್ತ ಚೂರು ಹಾಕಿ ಮೂಸಿಸಿದೆ. ಆಮೇಲೆ ದೂರದಲ್ಲಿ ಟ್ರ್ಯಾಕ್ಟರ್ ಓಡುವಾಗ ತಿನ್ನಿಸಿದೆ. ಸಪ್ಪಳ ಬಂದಾಗ ಚೂರು ಬರಬೇಕು, ನಿಂತಾಗ ಚೂರೂ ನಿಲ್ಲಬೇಕು. ಹೀಗೆ ಮಾಡಿದರೆ ಸಪ್ಪಳ ಅಂದರೆ ತಿನಿಸು ಅಂತ ತಲೆಯಲ್ಲಿ ಕೂರುತ್ತದೆ.

ಮುಂದೆ ಹೋಳಿ ಇತ್ತು. ನಮ್ಮ ಕಡೆ ಹೋಳಿ ಅಂದರೆ ಹಲಗೆ, ಹುಣ್ಣಿಮೆಗೆ ಎಷ್ಟೋ ದಿನ ಮುಂಚೆ ಓಣಿಓಣಿಯಲ್ಲಿ ಶುರು. ಅದಕ್ಕಾಗಿ ಫೆಬ್ರುವರಿ ಕಡೆಯಲ್ಲೇ ಮೊಮ್ಮಗನಿಗೆ ಹಲಗೆ ಕೊಟ್ಟು ದೂರದ ಬಣವೆ ಹಿಂದೆ ನಿಲ್ಲಿಸಿದೆ. ಅವನು ಮೆಲ್ಲಗೆ ಬಾರಿಸಬೇಕು, ನಾನು ತಿನ್ನಿಸಬೇಕು. ದಿನಾ ಹತ್ತು ಹೆಜ್ಜೆ ಹತ್ತಿರ. 2024ರ ಮಾರ್ಚ್ 25ಕ್ಕೆ ಹೋಳಿ ಬಂದಾಗ ಕೆಂಚಿ ಕಟ್ಟೆ ಕೆಳಗೆ ಮಲಗಿ ಕಿವಿ ಮಾತ್ರ ಅಲ್ಲಾಡಿಸಿತು.

ಮಂದಿ, ಮಕ್ಕಳು, ಚಿಗರಿ

ಹೊರಗೆ ಅಂದರೆ ಬರೀ ಜಾಗ ಅಲ್ಲ, ಮಂದಿಯೂ ಹೌದು. ರುಮಾಲು ಸುತ್ತಿದ ಅಜ್ಜ, ಕೋಲು ಹಿಡಿದ ಅಜ್ಜಿ, ಹೊರೆ ಹೊತ್ತವರು, ಹೆಲ್ಮೆಟ್ ಹಾಕಿದ ಪೋಸ್ಟಿನವರು, ಓಡುವ ಮಕ್ಕಳು, ಎಲ್ಲರನ್ನೂ ತೋರಿಸಬೇಕು. ಬಂದವರಿಗೆ ಹೇಳಿ: ಮುಟ್ಟಬೇಡಿ, ಮೇಲೆ ಬಾಗಬೇಡಿ, ಒಂದು ಚೂರು ನೆಲಕ್ಕೆ ಹಾಕಿ ಹೋಗಿ. ಮಕ್ಕಳಿಗೆ ಒಂದೇ ನಿಯಮ: ನಾಯಿ ನಿನ್ನ ಹತ್ತಿರ ಬರಲಿ, ನೀನು ನಾಯಿ ಹತ್ತಿರ ಹೋಗಬೇಡ.

ಕಾವಲು ನಾಯಿಗೆ ಪರಕೀಯರ ರೂಢಿ ಮಾಡಿದರೆ ಅದು ಕಾಯುವುದಿಲ್ಲ ಅನ್ನುವವರಿದ್ದಾರೆ. ನನ್ನ ಅನುಭವ ಬೇರೆ. ದಿನದ ಮಂದಿ ಯಾರು ಅಂತ ಗೊತ್ತಿದ್ದ ನಾಯಿಗೇ ಹೊತ್ತಲ್ಲದ ಹೊತ್ತಿನಲ್ಲಿ ಬಂದವರು ಯಾರು ಅಂತ ತಿಳಿಯುತ್ತದೆ. ಎಲ್ಲದಕ್ಕೂ ಹೆದರುವ ನಾಯಿ ಎಲ್ಲದಕ್ಕೂ ಬೊಗಳುತ್ತದೆ, ಆಮೇಲೆ ನಾವೇ ಕಿವಿಗೊಡುವುದು ಬಿಡುತ್ತೇವೆ.

ಜಾತಿ ನಾಯಿಗೂ ಇದು ತಪ್ಪಿದ್ದಲ್ಲ. ನಮ್ಮ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಓಟಕ್ಕೆ ಹೆಸರಾದ ನಾಯಿ. ಆದರೆ ಅದು ಹುಟ್ಟಿನಿಂದಲೇ ಹೊಸಬರಿಂದ ದೂರ ಸರಿಯುವಂಥದ್ದು. ಅಂಥ ಮರಿ ತಂದವರು ಈ ರೂಢಿಗೆ ಇನ್ನೂ ಹೆಚ್ಚು ಹೊತ್ತು ಕೊಡಬೇಕು.

ಹೊಲದಲ್ಲಿ ಚಿಗರಿ ಕಂಡರೆ ಮರಿ ಬೆನ್ನು ಹತ್ತುತ್ತದೆ. ಅದನ್ನು ಆಟ ಅಂತ ಬಿಡಬೇಡಿ. ಚಿಗರಿ 1972ರ ವನ್ಯಜೀವಿ ಕಾನೂನಿನಲ್ಲಿ ರಕ್ಷಣೆ ಪಡೆದ ಪ್ರಾಣಿ, ನಾಯಿ ಬಿಟ್ಟು ಕೊಲ್ಲಿಸಿದರೆ ಅಪರಾಧ. ಹಂದಿ ಬೆನ್ನು ಹತ್ತಿದರೆ ನಾಯಿಯ ಹೊಟ್ಟೆಯೇ ಸೀಳೀತು. ಓಡಲಿಕ್ಕೆ ಹೊರಟಾಗ ಹೆಸರು ಹಿಡಿದು ಕರೆದು, ತಿರುಗಿ ಬಂದರೆ ದೊಡ್ಡ ಚೂರು ಕೊಡಬೇಕು. ಕೆಂಚಿಯ ಕೆಲಸ ಗುಡಿಸಲ ಹತ್ತಿರ ನಿಂತು ಬೊಗಳುವುದು. ಓಡಿಸುವ ಕೆಲಸ ಬ್ಯಾಟರಿ ಹಿಡಿದ ನಮ್ಮದು. 2024ರ ಮುಂಗಾರಿ ಶೇಂಗಾಕ್ಕೆ ಹಂದಿ ಬಂದ ರಾತ್ರಿಗಳಲ್ಲಿ ಕೆಂಚಿ ಮೊದಲು ಎಚ್ಚರಿಸಿತು. ಅದಕ್ಕಿಂತ ಹೆಚ್ಚು ನಾಯಿಯಿಂದ ನಾವು ಕೇಳಬಾರದು.

ಇನ್ನು ನೆರೆಮನೆಯ ಹುಡುಗನ ಮಾತು. ಈಗ ಅವನು ಎತ್ತರದ ಆಳು. ಅಂಗೈಯಲ್ಲಿ ಕಲೆ ಇದೆ. ಮಾತು ಶುರುವಾಗಿ ಎಷ್ಟೋ ವರ್ಷ ಆದರೂ ನಾಯಿ ಇದ್ದ ಅಂಗಳಕ್ಕೆ ಅವನು ಕಾಲಿಡುತ್ತಿರಲಿಲ್ಲ. ಕೆಂಚಿ ಬಂದಾಗಲೂ ದೂರವೇ ನಿಂತ. ನಾನು ಅವನನ್ನೂ ಕರೆಯಲಿಲ್ಲ. ಬದುವಿನ ಆಚೆಯಿಂದ ಒಂದು ದಿನ ತಾನೇ ರೊಟ್ಟಿ ಚೂರು ಎಸೆದ. ಮರುದಿನ ಮತ್ತೆ ಎಸೆದ. ಶೇಂಗಾ ಬಿಡಿಸುವ ಹೊತ್ತಿಗೆ ಕೆಂಚಿ ಅವನ ಬುತ್ತಿಯ ಪಕ್ಕದಲ್ಲಿ ಮಲಗುತ್ತಿತ್ತು. "ಚಿಗವ್ವಾ, ಇದು ಕಚ್ಚಂಗಿಲ್ಲಲ್ಲ?" ಅಂದ. "ನೀ ಹಿಡೀಲಿಲ್ಲಂದ್ರ ಅದೂ ಹಿಡಿಯಂಗಿಲ್ಲಪಾ" ಅಂದೆ.

ನೆನಪಿಡಬೇಕಾದದ್ದು

ಮರಿಯನ್ನು ಎಂಟು ವಾರಕ್ಕೆ ಮೊದಲು ತಾಯಿಯಿಂದ ಬಿಡಿಸಬೇಡಿ. ತಂದ ವಾರದಲ್ಲೇ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ದಿನಾ ಐದು ಹತ್ತು ನಿಮಿಷದ ಹೊರಗಿನ ರೂಢಿ, ದಿನಕ್ಕೊಂದೇ ಹೊಸದು. ತಿನ್ನದಿದ್ದರೆ ಹಿಂದೆ ಬನ್ನಿ. ಎಳೆಯಬೇಡಿ, ಹೊಡೆಯಬೇಡಿ, ಹೆದರಿಸಿ ನಗಬೇಡಿ. ಆರು ತಿಂಗಳು ದಾಟಿದ ಅಂಜುಬುರುಕ ನಾಯಿಯೂ ಇದೇ ಕ್ರಮದಲ್ಲಿ ಸುಧಾರಿಸುತ್ತದೆ, ಆದರೆ ವಾರದ ಕೆಲಸ ತಿಂಗಳು ಹಿಡಿಯುತ್ತದೆ. ಹೆಣ್ಣುಮರಿಯಾದರೆ ಮುಂದೆ ಮರಿ ಆಗದಂತೆ ಆಪರೇಷನ್ ಯಾವಾಗ ಅಂತ ವೈದ್ಯರನ್ನು ಕೇಳಿ. ಹೆಣ್ಣು ಅಂತ ಬೀದಿಗೆ ಬಿಡಬೇಡಿ.

ರೇಬಿಸ್ ಲಸಿಕೆ ವರ್ಷವರ್ಷ ತಪ್ಪಿಸಬೇಡಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಹೊತ್ತಿಗೆ ಅನೇಕ ಪಶು ಆಸ್ಪತ್ರೆಗಳಲ್ಲಿ ಬಿಟ್ಟಿ ಹಾಕುತ್ತಾರೆ. ಯಾವ ನಾಯಿ ಕಚ್ಚಿದರೂ, ಸಾಕಿದ್ದಾದರೂ ಸರಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರ, ಅರಿಶಿನ ಏನೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ, ಹೇಳಿದ ದಿನಕ್ಕೆ ಎಲ್ಲ ಸೂಜಿ ಹಾಕಿಸಿ. ರೋಗದ ಗುರುತು ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ.

ಈ ದೀಪಾವಳಿ ಹೊತ್ತಿಗೆ ನಿಮ್ಮ ಓಣಿಯಲ್ಲೂ ನಾಯಿ ಮರಿ ಹಾಕೀತು. ಒಂದು ಮರಿ ತರುವುದಾದರೆ ಎಳ್ಳ ಅಮಾವಾಸ್ಯೆಯಿಂದ ಹೋಳಿ ತನಕದ ದಿನಗಳನ್ನು ಅದಕ್ಕಾಗಿ ಎತ್ತಿಡಿ. ದಿನಕ್ಕೆ ಕಾಲು ತಾಸು ಸಾಕು. ಹೊಲಕ್ಕೆ ಹೇಗೂ ಹೋಗುತ್ತೇವೆ, ಬುಟ್ಟಿಯೊಂದನ್ನು ಸಂಗಡ ಒಯ್ದರಾಯಿತು.